ಎಂಜಿನ್ ಗುಂಡಿಯ ಮೇಲಿನ ಚರ್ಚು

ಫೆಬ್ರವರಿ ೨

ತಮ್ಮನಿಗೆ,

ಅಕ್ಕ ಬೆನ್ನ ಹಿಂದೆ ನಿಂತು ಬರೆಸುತ್ತಿದ್ದಾಳೆ, ಅದಕ್ಕೇ ಬರೆಯುತ್ತಿದ್ದೇನೆ. ನಾವಿಬ್ಬರೂ ಕ್ಷೇಮ. ನೀನೂ ಕ್ಷೇಮವಂತೆ, ಅಕ್ಕ ಹೇಳಿದಳು. ಹನ್ನೊಂದು ವರ್ಷ ಮಾತು ಬಿಟ್ಟ ತಮ್ಮನಿಗೆ ಕಾಗದವನ್ನು ಹೇಗೆ ಶುರು ಮಾಡಬೇಕೋ ನನಗೆ ಗೊತ್ತಿಲ್ಲ. ಫೋನು ಮಾಡುತ್ತೇನೆಂದರೆ ಅಕ್ಕ ಬಿಡಲಿಲ್ಲ. "ಫೋನ್ ಆದ್ರೆ ಎರಡು ನಿಮಿಷದಲ್ಲಿ ಇಬ್ಬರಲ್ಲಿ ಒಬ್ಬರು ಕುಕ್ಕಿಬಿಡ್ತೀರಿ. ಕಾಗದ ಬರಿ. ಕಾಗದ ಆದ್ರೆ ಕೊನೇತನಕ ಓದ್ಲೇಬೇಕು" ಎಂದಳು.

ವಿಷಯಕ್ಕೆ ಬರುತ್ತೇನೆ. ಎಂಜಿನ್ ಓಡಿಸುವುದು ಬಿಟ್ಟ ಮೇಲೆ ನಮ್ಮ ಚರ್ಚಿನ ಉಸ್ತುವಾರಿ ನನ್ನದೇ. ಬಾಗಿಲು ತೆಗೆಯುವುದು, ಗಂಟೆ ಹೊಡೆಯುವುದು, ಹಾಜರಿ ಬರೆಯುವುದು ಎಲ್ಲ. ಈ ವರ್ಷ ಚರ್ಚಿಗೆ ನೂರು ತುಂಬುತ್ತದೆ. ಸಂಭ್ರಮ ಮಾಡೋಣವೆಂದು ಹೊರಟರೆ ಮೇಲಿನ ಮಂಡಳಿಯವರು ಒಬ್ಬ ಎಂಜಿನಿಯರನ್ನು ಕಳಿಸಿದರು. ಅವನು ಹದಿನಾರಡಿಯ ಬಾಗಿಲು ನೋಡಿದ, ಮಾಡಿನ ಮೇಲಿನ ಹೊಗೆಕಿಂಡಿ ನೋಡಿದ, ನಡುಹಾದಿಯ ಹಲಗೆ ಎತ್ತಿಸಿ ಅದರಡಿಯ ಗುಂಡಿ ನೋಡಿದ. "ಇದೇನ್ರೀ, ಚರ್ಚೋ ಗೋಡೌನೋ?" ಎಂದ. ಗೋಡೆಯಲ್ಲಿ ಬಿರುಕಿದೆ, ಕೆಡವಿ ಸಿಮೆಂಟಿನ ಹಾಲ್ ಕಟ್ಟುವುದು ಒಳ್ಳೆಯದು ಎಂದು ಬರೆದುಕೊಟ್ಟು ಹೋದ.

ನಮ್ಮ ಹೊಸ ಪಾದ್ರಿಗಳು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಜೂನ್‌ವರೆಗೆ ಗಡುವು ಕೇಳಿಕೊಂಡಿದ್ದಾರೆ. ಚರ್ಚಿನ ಚರಿತ್ರೆಯನ್ನು ದಾಖಲೆ ಸಮೇತ ಎಂಟು ಪುಟ ಬರೆದುಕೊಟ್ಟರೆ ಮಂಡಳಿಯವರು ಕೆಡವಲು ಹಿಂಜರಿಯುತ್ತಾರಂತೆ. ಆ ಕೆಲಸ ನನ್ನ ತಲೆಗೆ ಬಂದಿದೆ. "ಈ ಚರ್ಚು ನೂರು ವರ್ಷ ಹಳೆಯದು" ಎಂದು ಮೊದಲ ವಾಕ್ಯ ಬರೆದೆ. ಮೂರು ವಾರವಾಯಿತು, ಎರಡನೆಯದು ಇನ್ನೂ ಬಂದಿಲ್ಲ.

ನನ್ನ ನಿವೃತ್ತಿಯ ಊಟದ ದಿನ, ಈ ಚರ್ಚು ಕಟ್ಟಿದ ನಮ್ಮ ತಾತ ಎಂಥ ಮೇಸ್ತ್ರಿ, ಜನ ತಲೆ ತಗ್ಗಿಸಿ ನಡೆಯಲಿ ಎಂದೇ ನಡುವೆ ಗುಂಡಿ ತೋಡಿಸಿದ ಎಂದು ನಾನು ಭಾಷಣ ಮಾಡುತ್ತಿದ್ದೆ. ನೀನು ಎದ್ದು ನಿಂತು, ಅದು ಎಂಜಿನ್ ರಿಪೇರಿ ಗುಂಡಿ, ತಾತ ತಪ್ಪು ನಕ್ಷೆ ಹಿಡಿದುಕೊಂಡು ಚರ್ಚಿನ ಬದಲು ಎಂಜಿನ್ ಶೆಡ್ ಕಟ್ಟಿಟ್ಟ ಎಂದೆ. ಇನ್ನೂರು ಜನ ನಕ್ಕರು. ಇದರ ಬಗ್ಗೆ ಒಂದಕ್ಷರ ಬರೆಯಕೂಡದೆಂದು ಅಕ್ಕನ ಅಪ್ಪಣೆ. ಆದ್ದರಿಂದ ಬರೆಯುವುದಿಲ್ಲ.

ರೈಲ್ವೆಯ ನಕ್ಷೆ ಕಚೇರಿಯಲ್ಲಿ ಮೂವತ್ತೈದು ವರ್ಷ ಗೆರೆ ಎಳೆದವನು ನೀನು. ಚರ್ಚು ಕಟ್ಟಿಸಿದ್ದೂ ರೈಲ್ವೆಯೇ, ಅದರ ಹಳೆಯ ಕಾಗದಗಳು ಅಲ್ಲೇ ಇರಬೇಕು. ಹುಡುಕಿ ಕಳಿಸು. ಕಾಗದ ಸಾಕು, ಅಭಿಪ್ರಾಯ ಬೇಡ.

ಇಂತು,
ಅಣ್ಣ

ಪುಟ್ಟಾ, ಇದು ಅಕ್ಕ ಬರೆಯುತ್ತಿರುವುದು. ಇವನು ಮೂರು ಸಲ ಹರಿದುಹಾಕಿ ನಾಲ್ಕನೇ ಸಲ ಬರೆದ ಕಾಗದ ಇದು. ಚರ್ಚು ಕೆಡವುತ್ತಾರೆಂಬ ಮಾತು ಬಂದಾಗಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಹುಡುಕಿ ಕಳಿಸು.


ಫೆಬ್ರವರಿ ೧೫

ಅಣ್ಣನವರಿಗೆ,

ತಮ್ಮ ಪತ್ರ ತಲುಪಿತು. ನಾನು ನಿವೃತ್ತನಾಗಿ ಎಂಟು ವರ್ಷವಾಯಿತು. ಆದರೂ ಕಚೇರಿಯ ದಾಖಲೆ ಕೋಣೆಗೆ ಹೋಗಲು ಅನುಮತಿ ಪಡೆದಿದ್ದೇನೆ. ತಿರುಗದ ಫ್ಯಾನಿನ ಕೆಳಗೆ ಒಂದು ಕುರ್ಚಿ ಕೊಟ್ಟಿದ್ದಾರೆ. ನನ್ನ ಕೈಕೆಳಗೆ ಕೆಲಸ ಕಲಿತವನೇ ಈಗ ಅಲ್ಲಿನ ಮುಖ್ಯಸ್ಥ. ನನ್ನ ಚೀಲ ತಪಾಸಣೆ ಮಾಡಿ ಒಳಗೆ ಬಿಡುತ್ತಾನೆ.

ಚರಿತ್ರೆ ಎಂದರೆ ಮೊದಲು ಅಳತೆ. ಗುಂಡಿಯ ಉದ್ದ, ಅಗಲ, ಆಳ, ಬಾಗಿಲಿನ ಎತ್ತರ, ಹೊಗೆಕಿಂಡಿಗಳ ನಡುವಿನ ಅಂತರ ಇವಿಷ್ಟನ್ನೂ ಟೇಪು ಹಿಡಿದು ಅಳೆದು ಕಳಿಸಿ. ದಯವಿಟ್ಟು ಅಂದಾಜು ಬೇಡ. "ಸುಮಾರು" ಎಂಬ ಪದ ಬಳಸಬೇಡಿ. ಅಭಿಪ್ರಾಯವನ್ನು ತಾವು ಕೇಳಿಲ್ಲವಾದ್ದರಿಂದ ನಾನು ಕೊಡುವುದಿಲ್ಲ. ಅಕ್ಕನಿಗೆ ನಮಸ್ಕಾರ.

ತಮ್ಮ ವಿಧೇಯ,
ತಮ್ಮ


ಫೆಬ್ರವರಿ ೨೭

ತಮ್ಮನಿಗೆ,

ನನಗೆ ಬಹುವಚನ ಹಚ್ಚಬೇಡ. ನೀನು ನನ್ನನ್ನು "ಅಣ್ಣನವರು" ಎನ್ನುವುದನ್ನು ಓದಿ ಅಕ್ಕ ಅರ್ಧ ಗಂಟೆ ನಕ್ಕಳು.

ಅಳತೆ ತೆಗೆದದ್ದಾಯಿತು. ಮಂಗಳವಾರ ಬೆಳಿಗ್ಗೆ ಹಲಗೆಗಳನ್ನು ಎತ್ತಿಟ್ಟು ಗುಂಡಿಗೆ ಇಳಿದೆ. ಟೇಪಿನ ಇನ್ನೊಂದು ತುದಿ ಹಿಡಿದು ಅಕ್ಕ ಮೇಲೆ ಕೂತಿದ್ದಳು. ಆಳ ಎರಡಡಿ ಒಂಬತ್ತು ಅಂಗುಲ, ಅಗಲ ಮೂರಡಿ ಆರು ಅಂಗುಲ, ಉದ್ದ ಐವತ್ತೆಂಟು ಅಡಿ ಸರಿಯಾಗಿ. ಈ ಐವತ್ತೆಂಟು ಎಂಬ ಲೆಕ್ಕ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ನಾನು ಇಪ್ಪತ್ತು ವರ್ಷ ಓಡಿಸಿದ ಎಂಜಿನ್ನಿನ ಉದ್ದವೂ ಅಷ್ಟೇ. ಇದನ್ನು ನಿನಗೆ ಹೇಳಬಾರದೆಂದಿದ್ದೆ.

ಗುಂಡಿಯಲ್ಲಿ ಸಿಕ್ಕಿದ್ದು: ಮೂರು ಕೊಡೆ, ಒಂಟಿ ಚಪ್ಪಲಿ, ಗೀತೆಯ ಪುಸ್ತಕ ಐದು, ಒಂದು ಹಲ್ಲಿನ ಸೆಟ್ಟು. ಆ ಸೆಟ್ಟು ನಮ್ಮ ಓಣಿಯ ಮುದಿ ರೈಲ್ವೆ ಗಾರ್ಡಿನದು. ಆರು ವರ್ಷದ ಹಿಂದೆ ಗೀತೆ ಹಾಡುವಾಗ ಬಾಯಿಂದ ಹಾರಿದ್ದು, ಯಾರೋ ಕದ್ದರೆಂದು ಅವನು ಇಡೀ ಓಣಿಯ ಮೇಲೆ ಗುಮಾನಿ ಪಟ್ಟಿದ್ದ. ಕೊಡಲು ಹೋದರೆ ಅಂಗಿಗೆ ಒರೆಸಿಕೊಂಡು ಅಲ್ಲೇ ಹಾಕಿಕೊಂಡ. "ಇನ್ಮೇಲೆ ಯಾರ ಮೇಲೂ ಅನುಮಾನ ಇಲ್ಲ" ಎಂದ.

ಅಳೆಯುತ್ತಿರುವಾಗ ಪಾದ್ರಿಗಳು ಬಂದರು. ಬಲಿಪೀಠದ ಮುಂದೆ ನೆಲದೊಳಗಿಂದ ಎರಡು ಕೈ ಮೇಲೆ ಬಂದದ್ದು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ನಾನೇ ಎಂದು ಹೇಳಿದ ಮೇಲೂ ಸ್ವಲ್ಪ ಹೊತ್ತು ಹತ್ತಿರ ಬರಲಿಲ್ಲ.

ಬಾಗಿಲು ಹದಿನಾರಡಿ ಎರಡು ಅಂಗುಲ. ಹೊಗೆಕಿಂಡಿಗಳನ್ನು ಅಳೆಯಲು ನನ್ನ ಮೊಣಕಾಲು ಒಪ್ಪುವುದಿಲ್ಲ. ಸುಮಾರು ಹನ್ನೆರಡಡಿ ಎಂದು ಇಟ್ಟುಕೋ. ಸುಮಾರು, ಸುಮಾರು, ಸುಮಾರು.

ಅಣ್ಣ


ಏಪ್ರಿಲ್ ೨೧

ಅಣ್ಣನಿಗೆ,

ತಡವಾಯಿತು. ಕಚೇರಿಯಲ್ಲಿ ಚರ್ಚಿನ ಹಳೆಯ ಕಾಗದ ಸಿಕ್ಕಿ ಐದು ವಾರವಾಯಿತು. ಅದನ್ನು ನಿಮಗೆ ಬರೆಯಲು ಈ ಐದು ವಾರ ಬೇಕಾಯಿತು.

ಇದರೊಂದಿಗೆ ಎರಡು ಕಾಗದಗಳ ನಕಲು ಇಟ್ಟಿದ್ದೇನೆ. ಮೊದಲನೆಯದು ತಾತ ನಮ್ಮ ನಕ್ಷೆ ಕಚೇರಿಗೆ ಬರೆದದ್ದು. ಅಕ್ಷರ ಅಳಿಸಿಹೋಗಿರುವುದರಿಂದ ಇಲ್ಲಿ ಮತ್ತೆ ಬರೆಯುತ್ತೇನೆ: "ತಾವು ಕಳಿಸಿದ ಚರ್ಚಿನ ನಕ್ಷೆಯಲ್ಲಿ ನಡುವೆ ಉದ್ದಕ್ಕೂ ಗುಂಡಿಯೂ ಮಾಡಿನಲ್ಲಿ ಹೊಗೆ ಹೋಗಲು ಕಿಂಡಿಯೂ ಇರುತ್ತವೆ. ದೇವರ ಮನೆಯಲ್ಲಿ ಅಷ್ಟು ಹೊಗೆ ಯಾತರದೆಂದು ತಿಳಿಯಲಿಲ್ಲ. ಎಂಜಿನ್ ಶೆಡ್ಡಿನ ಗುತ್ತಿಗೆದಾರರಿಗೆ ಗಂಟೆ ಗೋಪುರದ ನಕ್ಷೆ ಹೋಗಿದೆಯೆಂದು ಕೇಳಿದೆನು. ಎರಡೂ ಅದಲುಬದಲಾಗಿರಬಹುದೇ ಎಂದು ದಯಮಾಡಿ ತೆಗೆದು ನೋಡಬೇಕಾಗಿ ಅರಿಕೆ."

ಎರಡನೆಯದು ಕಚೇರಿಯ ಉತ್ತರ: "ನಕ್ಷೆಗಳು ಸರಿಯಾಗಿವೆ. ನಕ್ಷೆಯಂತೆ ಕಟ್ಟತಕ್ಕದ್ದು."

ತಾತ ಮೂರು ಸಲ ಬರೆದಿದ್ದಾನೆ. ಮೂರು ಸಲವೂ ಇದೇ ಉತ್ತರ, ಅಕ್ಷರವೂ ಬದಲಿಲ್ಲ. ಆ ಕಾಲದಲ್ಲಿ ಕೆಲಸ ನಿಲ್ಲಿಸಿದರೆ ಮೇಸ್ತ್ರಿಯನ್ನೇ ತೆಗೆಯುತ್ತಿದ್ದರು. ಕೊಟ್ಟ ನಕ್ಷೆಯಂತೆಯೇ ಅವನು ಕಟ್ಟಿದ.

ಅಣ್ಣ, ಆ ಉತ್ತರದ ವಾಕ್ಯವನ್ನು ನಾನೂ ಮೂವತ್ತೈದು ವರ್ಷ ಬರೆದಿದ್ದೇನೆ. ಎಷ್ಟು ಸಲ ನಕ್ಷೆ ತೆಗೆದು ನೋಡಿ ಬರೆದೆ ಎಂದು ಕೇಳಬೇಡಿ. ಅವತ್ತು ಊಟದಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ಸುಳ್ಳು. ನಕ್ಷೆ ತಪ್ಪು ಎಂಬುದು ನಿಜ. ತಾತ ತಪ್ಪು ಮಾಡಿದ ಎಂಬುದು ಸುಳ್ಳು. ಸೇವೆಯಲ್ಲಿದ್ದಾಗ ಆ ಎರಡು ನಕ್ಷೆಗಳನ್ನಷ್ಟೇ ನೋಡಿ ತೀರ್ಮಾನ ಮಾಡಿದ್ದೆ, ಅದರ ಪಕ್ಕದಲ್ಲೇ ಇದ್ದ ಕಡತ ಬಿಚ್ಚಿರಲಿಲ್ಲ. ನಕ್ಷೆಯವರು ಕಾಗದ ಓದುವುದಿಲ್ಲ ಎಂಬುದು ನಮ್ಮಲ್ಲಿ ಒಂದು ಜಂಬ. ನನಗೆ ನಾಚಿಕೆಯಾಗಿದೆ.

ಇದು ಅಭಿಪ್ರಾಯವಲ್ಲ, ಆದ್ದರಿಂದ ಬರೆದೆ.

ತಮ್ಮ


ಮೇ ೨೦

ತಮ್ಮನಿಗೆ,

ನಿನ್ನ ಕಾಗದ ಓದಿ ಮಾರನೆಯ ದಿನದವರೆಗೂ ನಾನು ಯಾರೊಡನೆಯೂ ಮಾತಾಡಲಿಲ್ಲ. ಆಮೇಲೆ ಇಡೀ ಊರಿನೊಡನೆ ಮಾತಾಡಿದೆ. ಭಾನುವಾರ ಆರಾಧನೆ ಮುಗಿದ ಮೇಲೆ ತಾತನ ಅರಿಕೆಯನ್ನು ಎದ್ದು ನಿಂತು ಓದಿದೆ. "ದೇವರ ಮನೆಯಲ್ಲಿ ಅಷ್ಟು ಹೊಗೆ ಯಾತರದೆಂದು ತಿಳಿಯಲಿಲ್ಲ" ಎಂಬಲ್ಲಿಗೆ ಬಂದಾಗ ಜನ ಮತ್ತೆ ನಕ್ಕರು. ಈ ಸಲದ ನಗು ನನಗೆ ನೋಯಲಿಲ್ಲ. ಕಣ್ಣು ಒದ್ದೆಯಾಗಿ ಕೊನೆಯ ಸಾಲನ್ನು ಅಕ್ಕನ ಕೈಲಿ ಓದಿಸಬೇಕಾಯಿತು.

ಇನ್ನು ಕೆಟ್ಟ ಸುದ್ದಿ. ಪಾದ್ರಿಗಳು ಒಳ್ಳೆಯ ಮನಸ್ಸಿನಿಂದ ಆ ಕಾಗದಗಳ ನಕಲನ್ನು ರೈಲ್ವೆಗೆ ಕಳಿಸಿ, ನಮಗೆ ಬೆಂಬಲವಾಗಿ ಎರಡು ಸಾಲು ಬರೆದುಕೊಡಿ ಎಂದು ಕೇಳಿದರು. ಹನ್ನೊಂದೇ ದಿನಕ್ಕೆ ಉತ್ತರ ಬಂತು. ರೈಲ್ವೆಯಿಂದ ಹನ್ನೊಂದು ದಿನಕ್ಕೆ ಉತ್ತರ ಬಂದಾಗಲೇ ನನಗೆ ಅನುಮಾನ ಬಂತು. ನೂರು ವರ್ಷದ ಹಿಂದೆ ನಡೆದ ಪ್ರಮಾದಕ್ಕೆ ವಿಷಾದವಿದೆಯಂತೆ. ಯಾರ್ಡಿನ ಎಂಜಿನ್ ಶೆಡ್ ಖಾಲಿ ಬಿದ್ದು ಇಪ್ಪತ್ತೈದು ವರ್ಷವಾಗಿದೆ, ಚರ್ಚಿನ ನಕ್ಷೆಯಂತೆ ಕಟ್ಟಿದ ಕಟ್ಟಡವಾದ್ದರಿಂದ ಅದನ್ನು ನೀವೇ ತೆಗೆದುಕೊಳ್ಳಿ, ಬದಲಿಗೆ ನಿಮ್ಮದನ್ನು ನಮಗೆ ಕೊಡಿ, ಸಾಮಾನು ತುಂಬಿಡುತ್ತೇವೆ ಎಂದಿದ್ದಾರೆ. ಮಂಡಳಿಯವರಿಗೆ ಬಾಯಲ್ಲಿ ನೀರೂರಿದೆ. ಅಲ್ಲಿ ಗೋಪುರವಿದೆ, ಚೂಪು ಕಮಾನಿನ ಕಿಟಕಿಗಳಿವೆ, ಬಣ್ಣದ ಗಾಜಿದೆ. ಜೂನ್ ಎಂಟರ ಭಾನುವಾರ ಚರ್ಚಿಗೆ ಸೇರಿದ ಸಭೆಯವರೆಲ್ಲ ಮತ ಹಾಕಿ ತೀರ್ಮಾನಿಸಬೇಕು.

ನನ್ನ ಚರ್ಚನ್ನು ಉಳಿಸಲು ಕಾಗದ ಕೇಳಿದೆ. ಆ ಕಾಗದವೇ ಈಗ ಅದನ್ನು ಎತ್ತಿಕೊಂಡು ಹೋಗುತ್ತಿದೆ. ನಿನ್ನ ಮೇಲೆ ಸಿಟ್ಟು ಬರುತ್ತದೇನೋ ಎಂದು ಎರಡು ದಿನ ಕಾದು ನೋಡಿದೆ, ಬರಲಿಲ್ಲ.

ಮೊನ್ನೆ ಭಾನುವಾರ ಶೆಡ್ಡಿನಲ್ಲೇ ಆರಾಧನೆ ಮಾಡಿ ನೋಡೋಣವೆಂದು ಪಾದ್ರಿಗಳು ಎಲ್ಲರನ್ನೂ ಅಲ್ಲಿಗೆ ಕರೆದರು. ನಿನಗೆ ನೆನಪಿರಬೇಕು, ಅಲ್ಲಿ ಬಾಗಿಲು ಚಿಕ್ಕದಾಯಿತೆಂದು ಬಲಿಪೀಠ ಇರಬೇಕಾದ ಗೋಡೆಯನ್ನೇ ಒಡೆದು ಎಂಜಿನ್ ಒಳಗೆ ಬಿಡುತ್ತಿದ್ದರು. ನಾನೇ ಎಷ್ಟೋ ಸಲ ಬಲಿಪೀಠದ ಕಡೆಯಿಂದ ಹಿಮ್ಮುಖವಾಗಿ ಒಳಗೆ ಹೋಗಿದ್ದೇನೆ. ನೆಲದಲ್ಲಿ ಹಳಿ ಈಗಲೂ ಇದೆ. ಪಾದ್ರಿಗಳು ಎರಡು ಹಳಿಯ ನಡುವೆ ನಿಂತು ಪ್ರಾರ್ಥನೆ ಶುರು ಮಾಡಿದರು. ಬೆಂಚುಗಳನ್ನೂ ಹಳಿಯ ಮೇಲೇ ಹಾಕಿದ್ದರು, ಆದರೆ ಒಬ್ಬರೂ ಕೂರಲಿಲ್ಲ. ರೈಲ್ವೆಯಲ್ಲಿ ದುಡಿದವರು ಹಳಿಯ ನಡುವೆ ಕೂರುತ್ತಾರೆಯೇ? ಎಂಬತ್ತಕ್ಕೂ ಹೆಚ್ಚು ಜನ ಬಲಗಡೆ ಗೋಡೆಗೆ ಒತ್ತಿಕೊಂಡು, ಒಬ್ಬರ ಕಾಲ ಮೇಲೊಬ್ಬರು ನಿಂತರು. ಯಾರಿಗೂ ಪ್ರಾರ್ಥನೆಯ ಮೇಲೆ ಗಮನವಿಲ್ಲ, ಎಲ್ಲರ ಕಣ್ಣೂ ಪಾದ್ರಿಗಳ ಬೆನ್ನ ಹಿಂದಿನ ಗೋಡೆಯ ಕಂಡಿಯ ಮೇಲೆ. ಕೊನೆಗೆ ಹಳಿ ಬದಲಿಸುತ್ತಿದ್ದ ಹಳೇ ಪಾಯಿಂಟ್ಸ್‌ಮನ್ ತಡೆಯಲಾರದೆ ಕೈ ಬೀಸಿ, "ಸ್ವಾಮಿ, ಸ್ವಲ್ಪ ಲೈನ್ ಬಿಟ್ಟು ಈಚೆ ಬನ್ನಿ, ಆಮೇಲೆ ಎಷ್ಟು ಬೇಕಾದ್ರೂ ಪ್ರಾರ್ಥನೆ ಮಾಡಿ" ಎಂದ. ಪಾದ್ರಿಗಳು ಈಚೆ ಬಂದರು. ಆಮೇಲೆ ಗೋಪುರದ ಗಂಟೆ ಹೊಡೆಸಿದರು. ಎಂಜಿನ್‌ಗಳು ಕಾರಿದ ಅಷ್ಟು ವರ್ಷದ ಮಸಿ ಒಂದೇ ಸಲಕ್ಕೆ ಕೆಳಗೆ ಬಂತು. ಬಿಳಿ ನಿಲುವಂಗಿಯಲ್ಲಿ ಬಂದವರು ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಥರ ಮನೆಗೆ ಹೋದರು.

ಇಷ್ಟಾದರೂ ಅರ್ಧ ಜನರಿಗೆ ಆ ಗೋಪುರದ ಮೇಲೆ ಆಸೆ ಹುಟ್ಟಿದೆ. ಹಳಿ ಕೀಳಿಸಬಹುದು, ಮಸಿ ತೊಳೆಯಬಹುದು ಎನ್ನುತ್ತಾರೆ. ಅಕ್ಕ ಕೂಡ ಮಸಿ ಒರೆಸಿದ ಒಂದು ಕಿಟಕಿಯ ಗಾಜನ್ನೇ ನೋಡುತ್ತ ಕೂತಿದ್ದಳು.

ನಮ್ಮ ಚರ್ಚಿನಲ್ಲಿ ತಡವಾಗಿ ಬಂದವರು ಯಾರೆಂದು ತಿರುಗಿ ನೋಡಬೇಕಾಗಿಲ್ಲ, ಹಲಗೆಯ ಸದ್ದೇ ಹೇಳುತ್ತದೆ. ಅಮ್ಮ ಬರುವ ಸದ್ದು ನನಗೆ ಇನ್ನೂ ನೆನಪಿದೆ. ಅಂಥದನ್ನು ಗೋಡೌನು ಮಾಡುತ್ತಾರೆಂದರೆ ನನ್ನ ಕೈಲಿ ನೋಡುವುದಕ್ಕಾಗುವುದಿಲ್ಲ.

ಅಣ್ಣ


ಮೇ ೨೪

ಪುಟ್ಟಾ,

ಇವನಿಗೆ ಗೊತ್ತಿಲ್ಲದ ಹಾಗೆ ಬರೆಯುತ್ತಿದ್ದೇನೆ. ಗಂಟೆಗೆ ಎಣ್ಣೆ ಹಾಕಲು ಹೋಗಿದ್ದಾನೆ, ಬರುವಷ್ಟರಲ್ಲಿ ಮುಗಿಸಬೇಕು.

ಮತ ಹಾಕುವವರ ಪಟ್ಟಿ ಬೇಕೆಂದು ಪಾದ್ರಿಗಳು ನಿನ್ನೆ ನಮ್ಮ ಮನೆಗೆ ಬಂದು ಹಾಜರಿ ಪುಸ್ತಕ ಕೇಳಿದರು. ಇವನು ಅದನ್ನು ರೈಲ್ವೆ ಹಾಜರಿಯ ಹಾಗೇ ಬರೆಯುತ್ತಾನೆ. ಒಬ್ಬೊಬ್ಬರ ಹೆಸರಿನ ಮುಂದೆ ಹಾಜರು, ಗೈರು, ರಜೆ. ಪಾದ್ರಿಗಳು ಹಾಳೆ ಮಗುಚುತ್ತ ಒಂದು ಕಡೆ ಬೆರಳಿಟ್ಟು ನಿಂತರು. ಅದು ನಿನ್ನ ಹೆಸರು. ಒಂದು ಭಾನುವಾರವೂ ಬಿಡದೆ ಹನ್ನೊಂದು ವರ್ಷ ಅದರ ಮುಂದೆ "ರಜೆ" ಎಂದು ಬರೆದಿದ್ದಾನೆ.

"ಇದ್ಯಾರು, ಹನ್ನೊಂದು ವರ್ಷ ರಜೆ ಮೇಲಿರೋರು?" ಎಂದರು ಪಾದ್ರಿಗಳು.

"ನನ್ನ ತಮ್ಮ."

"ರಜೆ ಮಂಜೂರು ಮಾಡಿದ್ಯಾರು?"

"ನಾನೇ" ಎಂದು ಇವನು ಗೋಡೆ ನೋಡಿದ.

ನನಗೂ ಗೊತ್ತಿರಲಿಲ್ಲ ಪುಟ್ಟಾ. ಈ ಮನೆಯಲ್ಲಿ ಹನ್ನೊಂದು ವರ್ಷ ನಿನ್ನ ಹೆಸರು ಎತ್ತಲು ಬಿಡದವನು ವಾರ ವಾರವೂ ಅದನ್ನು ತನ್ನ ಕೈಯಾರೆ ಬರೆಯುತ್ತಿದ್ದ. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ರಜೆಯಲ್ಲಿರುವವರು ಸಭೆಯವರೇ, ಮತವೂ ಇದೆ ಎಂದು ಪಾದ್ರಿಗಳು ಹೇಳಿದ್ದಾರೆ. ಎರಡು ಕಡೆಯೂ ಸಮಸಮ ಇದೆಯೆಂದು ಎಲ್ಲರೂ ಹೇಳುತ್ತಾರೆ. ಇವನು ಸತ್ತರೂ ನಿನ್ನನ್ನು ಬಾ ಎಂದು ಕೇಳುವವನಲ್ಲ. ನೀನು ಅಳತೆಯ ಮನುಷ್ಯ, ನಿನ್ನ ಲೆಕ್ಕಕ್ಕೆ ಆ ಶೆಡ್ಡೇ ನಿಜವಾದ ಚರ್ಚಾಗಿರಬಹುದು. ಇರಲಿ. ಯಾವ ಕಡೆಗೆ ಬೇಕಾದರೂ ಹಾಕು, ಬಂದು ಹಾಕು.

ಇವನ ಚಪ್ಪಲಿ ಸದ್ದು ಕೇಳುತ್ತಿದೆ. ನಿಲ್ಲಿಸುತ್ತೇನೆ.

ಅಕ್ಕ


ಮೇ ೩೦

ಅಕ್ಕನಿಗೆ,

ಏಳರ ಶನಿವಾರ ಮಧ್ಯಾಹ್ನದ ಗಾಡಿಗೆ ಬರುತ್ತೇನೆ. ತೂಗುಗುಂಡು, ಟೇಪು, ಮಟ್ಟಗೋಲು ಮೂರನ್ನೂ ತರುತ್ತೇನೆ. ಎರಡೂ ಕಟ್ಟಡಗಳನ್ನು ಅಳೆಯದೆ ನಾನು ಮತ ಹಾಕುವುದಿಲ್ಲ. ಅಣ್ಣನಿಗೋಸ್ಕರ ಸುಳ್ಳು ಮತ ಹಾಕಲಾರೆ, ಹಾಕಿದರೆ ಅವನಿಗೇ ಅದು ಸೇರುವುದಿಲ್ಲ. ಸ್ಟೇಷನ್ನಿಗೆ ಯಾರೂ ಬರಬೇಡಿ, ದಾರಿ ಗೊತ್ತಿದೆ.

ರಜೆಯ ವಿಷಯ ಓದಿದೆ. ನಿನ್ನ ಆ ಕಾಗದವನ್ನು ಮಡಿಸಿ ಟೇಪಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಪುಟ್ಟ


ಜೂನ್ ೨೩

ಪ್ರೀತಿಯ ತಮ್ಮನಿಗೆ,

ಚರಿತ್ರೆ ಮುಗಿಯಿತು. ಎಂಟನೇ ಪುಟದಲ್ಲಿ ನೀನು ಬರುತ್ತೀಯ. ಅಚ್ಚಿಗೆ ಕೊಡುವ ಮುಂಚೆ ಆ ಪುಟವನ್ನು ಇಲ್ಲಿ ನಕಲು ಮಾಡುತ್ತಿದ್ದೇನೆ. ತಪ್ಪಿದ್ದರೆ ತಿದ್ದು.

"ಮತದ ದಿನ ಮೇಸ್ತ್ರಿಯ ಕಿರಿಯ ಮೊಮ್ಮಗನು ಬೆಳಿಗ್ಗೆ ಆರು ಗಂಟೆಗೇ ಚರ್ಚಿಗೆ ಬಂದು, ಯಾರನ್ನೂ ಮಾತಾಡಿಸದೆ ನಾಲ್ಕೂ ಗೋಡೆಗೆ ತೂಗುಗುಂಡು ಇಳಿಬಿಟ್ಟು ನೋಡಿದನು. ಆಮೇಲೆ ಯಾರ್ಡಿಗೆ ಹೋಗಿ ಶೆಡ್ಡಿನ ಗೋಡೆಗೂ ಹಾಗೆಯೇ ಮಾಡಿದನು. ಸಭೆ ಕೂಡಿದಾಗ ಎದ್ದು ನಿಂತು ಹೀಗೆ ಹೇಳಿದನು: 'ಯಾರ್ಡಿನಲ್ಲಿರೋದು ಸರಿಯಾದ ನಕ್ಷೆ, ಕೆಟ್ಟ ಕೆಲಸ. ಗೋಪುರ ಐದು ಅಂಗುಲ ವಾಲಿದೆ. ಇಲ್ಲಿರೋದು ತಪ್ಪು ನಕ್ಷೆ, ಆದ್ರೆ ನೂರು ವರ್ಷದಲ್ಲಿ ಗೋಡೆ ಕಾಲು ಅಂಗುಲನೂ ಕದಲಿಲ್ಲ. ಬಿರುಕು ಬಿಟ್ಟಿರೋದು ಮೇಲಿನ ಗಾರೆ ಮಾತ್ರ. ನಮ್ಮ ತಾತ ತಪ್ಪು ಅಂತ ಗೊತ್ತಿದ್ದೂ ಇಷ್ಟು ಚೆನ್ನಾಗಿ ಕಟ್ಟಿದ್ದಾನೆ. ಹಿಂದೆ ಇದೇ ಜನರ ಮುಂದೆ ನಾನು ಅವನ ಬಗ್ಗೆ ಬೇರೆ ಮಾತಾಡಿದ್ದೆ. ಅದು ತಪ್ಪು.' ಆಮೇಲೆ ಮತ ಹಾಕಿದರು. ಹಳೆಯ ಚರ್ಚಿಗೆ ನಲವತ್ತನಾಲ್ಕು, ಶೆಡ್ಡಿಗೆ ನಲವತ್ತಮೂರು."

ಪುಟ ಅಲ್ಲಿಗೆ ಮುಗಿಯಿತು. ಮಂಡಳಿಯವರು ಗಾರೆ ರಿಪೇರಿಗೆ ಒಪ್ಪಿದ್ದಾರೆ. ಅದೇ ಎಂಜಿನಿಯರು ಮತ್ತೆ ಬಂದು ತೂಗುಗುಂಡು ಬಿಟ್ಟು ನೋಡಿ, ಟೀ ಕುಡಿದು ಹೋದ.

ಇನ್ನೊಂದು ಸುದ್ದಿ ಹೇಳಬೇಕು, ಚರಿತ್ರೆಯಲ್ಲಿ ಹಾಕುವಂಥದಲ್ಲ. ಆ ನಲವತ್ತಮೂರರಲ್ಲಿ ಒಂದು ಅಕ್ಕನದು. ನಿನ್ನೆ ಊಟ ಬಡಿಸುತ್ತ ತಾನಾಗಿ ಹೇಳಿದಳು. ತಮ್ಮನನ್ನು ಗುಟ್ಟಾಗಿ ಕರೆಸಿದವಳೇ ನೀನಲ್ಲವೇ ಎಂದೆ. "ಅವನು ಬರ್ಲಿ ಅಂತ ಕರೆಸ್ದೆ. ಚರ್ಚು ಇಲ್ಲೇ ಉಳೀಲಿ ಅಂತ ಯಾವಾಗ ಅಂದೆ? ನಂಗೆ ಆ ಬಣ್ಣದ ಗಾಜು ಇಷ್ಟ ಆಯ್ತು. ನಿಮ್ಮ ಹಲಗೆ ಮೇಲೆ ನಡೆದು ನಡೆದು ನನ್ನ ಸೊಂಟ ಹೋಗಿದೆ" ಎಂದು ಇನ್ನೊಂದು ಸೌಟು ಸಾರು ಹಾಕಿದಳು.

ಹನ್ನೊಂದರ ಬುಧವಾರ ಗಾಡಿ ಹೊರಡುವ ಮುಂಚೆ ನಾವಿಬ್ಬರೂ ಪ್ಲಾಟ್‌ಫಾರ್ಮಿನಲ್ಲಿ ಇಪ್ಪತ್ತು ನಿಮಿಷ ನಿಂತು ಗಾಡಿ ಯಾಕೆ ತಡ ಎಂಬುದನ್ನಷ್ಟೇ ಮಾತಾಡಿದೆವು. ಹೇಳಬೇಕೆಂದಿದ್ದು ಅದಲ್ಲ. ನೀನು ಬಂದದ್ದು ನನಗೆ ತುಂಬಾ ಸಂತೋಷವಾಯಿತು. ಚರ್ಚು ಹೋಗಿದ್ದರೂ ಆಗುತ್ತಿತ್ತು. ಹೊರಡುವಾಗ ನೀನು ಕಿಟಕಿಯಿಂದ "ಬರ್ತೀನಿ ಅಣ್ಣ, ಹುಷಾರಾಗಿರು" ಎಂದು ಏಕವಚನದಲ್ಲಿ ಅಂದದ್ದು ಕೇಳಿಸಿತು, ಗಾಡಿಯ ಸದ್ದಿನಲ್ಲಿ ಕೇಳಿಸದವನ ಹಾಗೆ ನಿಂತಿದ್ದೆ.

ನೀನು ಹೋದ ಮೇಲಿನ ಭಾನುವಾರ ಹಾಜರಿ ಬರೆಯಲು ಕೂತೆ. ನಿನ್ನ ಹೆಸರಿಗೆ ಬಂದಾಗ ಕೈ ಅಭ್ಯಾಸದಂತೆ "ರಜೆ" ಬರೆಯಲು ಹೋಯಿತು. ತಡೆದೆ. ಕೆಲಸಕ್ಕೆ ವಾಪಸಾದವನಿಗೆ ಹಳೆಯ ರಜೆ ನಡೆಯುವುದಿಲ್ಲ. "ಗೈರು" ಎಂದು ಬರೆದೆ. ನಿನ್ನೆಯೂ ಗೈರು ಎಂದೇ ಬರೆದಿದ್ದೇನೆ.

ನಮ್ಮ ಚರ್ಚಿನ ನಿಯಮ ಏನೆಂದರೆ, ಯಾರಾದರೂ ಸತತ ಮೂರು ಭಾನುವಾರ ಗೈರಾದರೆ ಉಸ್ತುವಾರಿಯವನು ಖುದ್ದಾಗಿ ಅವರ ಮನೆಗೆ ಹೋಗಿ ಕಾರಣ ವಿಚಾರಿಸಬೇಕು. ನಿನ್ನದು ಎರಡಾಗಿದೆ. ನನಗೊಂದು ಹಾಸಿಗೆ ಬಿಸಿಲಿಗೆ ಹಾಕಿಡು.

ನಿನ್ನ,
ಅಣ್ಣ